ಪ್ರಯೋಗಾಲಯದಲ್ಲಿ ನಾನು ವಜ್ರ ಮಾಡಿದ್ದು

ಇಂಗಾಲದ ನ್ಯಾನೋ ಕೊಳವೆಗಳನ್ನು ಹಿಂಡುವುದೇ ನನ್ನ ಪಿಎಚ್‌ಡಿ. ಕೂದಲಿಗಿಂತ ಎಷ್ಟೋ ಪಟ್ಟು ಸಪೂರವಾದ ಈ ಕೊಳವೆಗಳನ್ನು ಎರಡು ವಜ್ರಗಳ ತುದಿಗಳ ನಡುವೆ ಇಟ್ಟು, ತಿರುಪು ಬಿಗಿದು ಒತ್ತಬೇಕು. ವಜ್ರದ ಮೂಲಕವೇ ಲೇಸರ್ ಬಿಟ್ಟು, ಚದುರಿ ಬಂದ ಬೆಳಕು ಪರದೆಯಲ್ಲಿ ಎಂತಹ ಗೆರೆ ಮೂಡಿಸುತ್ತದೆ ಎಂದು ನೋಡಬೇಕು. ಮರುದಿನ ಪರಿಶೀಲನಾ ಸಮಿತಿ ಸೇರುವುದಿತ್ತು. ಹೊಸತೇನೂ ತೋರಿಸದಿದ್ದರೆ ನನ್ನ ಸಂಶೋಧನೆಗೆ ಮಂಗಳ ಹಾಡುವುದು ಖಚಿತ. ಆದರೂ ನನ್ನ ಬುದ್ಧಿಯ ಮೇಲೆ ನನಗೆ ಅಪಾರ ನಂಬಿಕೆ!

ಬೆಳಗಿನಿಂದ ತಿರುಪು ಬಿಗಿಯುವುದು, ಲೇಸರ್ ಬಿಡುವುದು, ಇದೇ ಕೆಲಸ. ಮಧ್ಯಾಹ್ನ ಪರದೆಯ ಗೆರೆಯಲ್ಲಿ ಒಮ್ಮೆಲೇ ಚೂಪಾದ ಶಿಖರವೊಂದು ಎದ್ದಿತು. ಪುಸ್ತಕ ತೆಗೆದು ನೋಡಿದರೆ, ವಜ್ರದ ಗುರುತು! ನನ್ನ ಕೊಳವೆಗಳು ವಜ್ರವಾಗಿಬಿಟ್ಟಿದ್ದವು!

ದೇರೆಬೈಲಿನ ಮನೆಯಲ್ಲಿದ್ದ ಹೆಂಡತಿ ಪ್ರೆಸಿಲ್ಲಾಳಿಗೆ ಫೋನ್ ಮಾಡಿದೆ.

"ಪ್ರೆಸ್ಸಿ, ನಾನು ವಜ್ರ ಮಾಡಿದೆ!"

"ಎಂತ ಮಾರಾಯ್ರೇ, ಊಟ ಮಾಡಿದ್ರಾ ಇಲ್ವಾ? ತಲೆ ಸರಿ ಉಂಟಲ್ಲ?"

"ದೇವರಾಣೆ, ವಜ್ರವೇ!"

"ಎಷ್ಟು ದೊಡ್ಡದುಂಟು?"

"ಕಣ್ಣಿಗೆ ಕಾಣುವುದಿಲ್ಲ."

"ಮತ್ತೆ ಅದು ಎಂತಕ್ಕೆ? ಕಿವಿಗೆ ಹಾಕ್ಲಿಕ್ಕಾಗ್ತದಾ?"

ಹಾಗೆಂದವಳು ಸುಮ್ಮನಿರಬೇಕಲ್ಲ! ದುಬೈಯ ಚಿನ್ನದಂಗಡಿಯಲ್ಲಿರುವ ತಮ್ಮನಿಗೆ ಸುದ್ದಿ ಮುಟ್ಟಿಸಿದಳು. ಅವನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿ, ನನಗೇ ಕರೆ ಮಾಡಿದ: "ಭಾವ, ಸ್ವಲ್ಪ ದೊಡ್ಡದು ಮಾಡ್ಲಿಕ್ಕೆ ಆಗ್ತದಾ?"

ನಾನಾದರೂ ಕಡಿಮೆಯೇ? ನನ್ನ ಮಾರ್ಗದರ್ಶಕಿ ಮೇಡಂಗೆ "ಐತಿಹಾಸಿಕ ಸಂಶೋಧನೆ, ಕೂಡಲೇ ಆಗಮಿಸಬೇಕಾಗಿ ವಿನಂತಿ" ಎಂದು ಸಂದೇಶ ಕಳುಹಿಸಿದೆ. ಮಗಳನ್ನು ವಿಮಾನ ಹತ್ತಿಸಲು ಬಜಪೆಗೆ ಹೋಗಿದ್ದ ಅವರು, ಅವಳನ್ನು ಗೇಟಿನಲ್ಲೇ ಇಳಿಸಿ ಕಾರು ತಿರುಗಿಸಿದರಂತೆ.

ಅವರು ಬರುವವರೆಗೆ ತೆಪ್ಪಗೆ ಕೂರಬಹುದಿತ್ತು. ಕೈ ಕೇಳಬೇಕಲ್ಲ! ಶಿಖರ ಇನ್ನಷ್ಟು ಎತ್ತರವಾಗಲೆಂದು ತಿರುಪನ್ನು ಮತ್ತೂ ಬಿಗಿದೆ.

ಟಕ್!

ಸದ್ದು ಸಣ್ಣದು. ನನ್ನ ಎದೆಯೊಳಗೆ ಮಾತ್ರ ದೊಡ್ಡದಾಗಿ ಕೇಳಿಸಿತು.

ಮೇಡಂ ಏದುಸಿರು ಬಿಡುತ್ತಾ ಬಂದರು. ಪರದೆ ನೋಡಿದರು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು.

"ಲೇಸರ್ ಎಲ್ಲಿಗೆ ಫೋಕಸ್ ಮಾಡಿದ್ದೆ ಮಾರಾಯ?"

"ಸ್ಯಾಂಪಲ್ಲಿಗೆ ಮೇಡಂ."

"ಎಲ್ಲಿಯ ಸ್ಯಾಂಪಲ್! ಫೋಕಸ್ ಮೇಲಿನ ವಜ್ರದ ಹೊಟ್ಟೆಯೊಳಗೇ ನಿಂತಿದೆ. ವಜ್ರಕ್ಕೆ ಲೇಸರ್ ಬಿಟ್ಟರೆ ವಜ್ರವಲ್ಲದೆ ಮತ್ತೆಂತ ಕಾಣ್ತದೆ?" ಎಂದವರು ಒಮ್ಮೆಲೇ ಸೂಕ್ಷ್ಮದರ್ಶಕಕ್ಕೆ ಇನ್ನಷ್ಟು ಬಾಗಿದರು. "ಇದೆಂತ, ವಜ್ರದಲ್ಲಿ ಅಡ್ಡಕ್ಕೆ ಗೆರೆ?"

ಇಲ್ಲದ ವಜ್ರದ ಆಸೆಗೆ ಇದ್ದ ವಜ್ರ ಸೀಳಿಬಿಟ್ಟಿದ್ದೆ!

ಮರುದಿನ ಸಮಿತಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಸದಸ್ಯರು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು, ಮೇಡಂ ಮುಖ ನೋಡಿ ಸಂಶೋಧನೆ ಮುಂದುವರಿಸಲು ಬಿಟ್ಟರು. ಒಂದೇ ಷರತ್ತು: ಇನ್ನು ಮೇಲೆ ಉಪಕರಣವನ್ನು ಮೇಡಂ ಮಾತ್ರ ಮುಟ್ಟತಕ್ಕದ್ದು. ಲೇಸರ್ ಉರಿಯುವಾಗ ಕೋಣೆಯಲ್ಲಿ ಕತ್ತಲಿರಬೇಕಲ್ಲ, ಸ್ವಿಚ್ ಒತ್ತಿ ದೀಪ ಆರಿಸುವ ಪೂರ್ಣ ಹೊಣೆ ಈಗ ನನ್ನದು!