ಅಂಗಳಕ್ಕೆ ಬೀಗ ಹಾಕಿದ ನಮ್ಮ ಭಾವ

ಮನೆಯ ಬಾಗಿಲಿಗೆ ಬೀಗ ಹಾಕುವವರನ್ನು ನೀವು ಕಂಡಿದ್ದೀರಿ. ಗೋದಾಮಿಗೆ, ಬೀರುವಿಗೆ, ಕಡೆಗೆ ಉಪ್ಪಿನಕಾಯಿ ಭರಣಿ ಇಟ್ಟ ಕಪಾಟಿಗೂ ಬೀಗ ಜಡಿಯುವವರಿದ್ದಾರೆ. ಆದರೆ ಅಂಗಳಕ್ಕೆ, ಅದೂ ಬರಿಯ ನೆಲಕ್ಕೆ, ಬೀಗ ಹಾಕಿ ಕೀಲಿಕೈ ಹಿಡಿದು ಬಜಾರಿನಲ್ಲಿ ತಿರುಗುವವರನ್ನು ಕಂಡಿದ್ದೀರಾ? ಇಲ್ಲವಾದರೆ ಶಿರಾಳಕೊಪ್ಪದ ಬಸ್ಸು ಹತ್ತಿ. ಇಳಿದು ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ, ತೋರಿಸುವಾಗ ನಗುತ್ತಾರೆ. ಆ ಮಹಾನುಭಾವರು ನಮ್ಮ ಅಕ್ಕನ ಗಂಡ!

ಮೆಕ್ಕೆಜೋಳದ ಮಂಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟ ಮೇಲೆ ನಮ್ಮ ಭಾವನ ಕೈಗೆ ಕೆಲಸವಿಲ್ಲ, ಬಾಯಿಗೆ ಬಿಡುವಿಲ್ಲ. ಮನೆಯಲ್ಲಿ ಏನೇ ಕೆಟ್ಟರೂ ರಿಪೇರಿಯವರನ್ನು ಕರೆಯಲು ಬಿಡುವುದಿಲ್ಲ. ಕೆಡದೆ ಇದ್ದರೂ ಬಿಚ್ಚುತ್ತಾರೆ. ಬಿಚ್ಚಿದ್ದನ್ನು ಜೋಡಿಸಿದಾಗ ಒಂದೆರಡು ಸ್ಕ್ರೂ ಉಳಿದೇ ಉಳಿಯುತ್ತವೆ. ಕೇಳಿದರೆ, "ಕಂಪನಿಯೋರು ಹೆಚ್ಚಿಗೆ ಹಾಕಿದ್ರು, ನಾನು ತೆಗೆದೆ" ಅನ್ನುತ್ತಾರೆ. ಅಕ್ಕನ ಮಿಕ್ಸಿ ಈಗ ಟೇಬಲ್ಲಿನ ಈ ತುದಿಯಿಂದ ಆ ತುದಿಗೆ ನಡೆದುಕೊಂಡು ಹೋಗಿ ಚಟ್ನಿ ರುಬ್ಬುತ್ತದೆ.

ಇನ್ನು ಅಕ್ಕ. ಅವಳ ಜೀವವೆಲ್ಲ ಅಂಗಳದ ಗಿಡಗಳಲ್ಲಿ. ಮಲ್ಲಿಗೆ, ಕನಕಾಂಬರ, ಕಾಕಡ, ದಾಸವಾಳ. ಆ ಬೀದಿಯ ಹೆಂಗಸರ ತಲೆಯಲ್ಲಿ ಹೂವು ಕಂಡರೆ ಅದು ಅಕ್ಕನ ಅಂಗಳದ್ದು ಅಂತಲೇ ಲೆಕ್ಕ. ಆದರೆ ಎರಡು ವರ್ಷದಿಂದ ಅವಳ ಮಂಡಿ ಮಾತು ಕೇಳುತ್ತಿಲ್ಲ. ಈಚೆಗಂತೂ ಬಿಂದಿಗೆ ಎತ್ತುವುದಿರಲಿ, ಬಗ್ಗಿ ನಲ್ಲಿ ತಿರುಗಿಸುವುದಕ್ಕೂ ಆಗದು. ಬಚ್ಚಲ ನಲ್ಲಿಯಿಂದ ಉದ್ದನೆಯ ಪೈಪು ಎಳೆದರೆ ಅದು ಹೋಗುವ ದಾರಿಯ ಸಸಿಗಳನ್ನೆಲ್ಲ ಮುರಿದುಕೊಂಡು ಹೋಗುತ್ತದೆ. ಆಳಿನ ಕೈಲಿ ಹಾಕಿಸು ಅಂದರೆ ಕೇಳುವವಳಲ್ಲ. "ಬೇರೆಯೋರು ನೀರು ಹಾಕಿದ್ ಮೇಲೆ ಅದು ನನ್ ಗಿಡ ಹೆಂಗಾಗ್ತದೆ?" ಅನ್ನುತ್ತಾಳೆ. ಭಾವ ಒಮ್ಮೆ ಹಾಕಲು ಹೋಗಿ, ಮಾತಿನ ಭರದಲ್ಲಿ ಅರ್ಧ ಗಂಟೆ ಕಾಂಪೌಂಡು ಗೋಡೆಗೆ ನೀರುಣಿಸಿದರು.

ಕೊನೆಗೊಂದು ದಿನ ಅಕ್ಕ ಹೊಸಬಾಳೆಯಲ್ಲಿರುವ ನಮ್ಮ ದೊಡ್ಡಮ್ಮನ ಮಗಳಿಗೆ ಫೋನು ಮಾಡಿದಳು. "ಗಿಡ ಎಲ್ಲ ಕಿತ್ಕೊಂಡು ಹೋಗು ಮಾರಾಯ್ತಿ. ಈ ಬೇಸಿಗೆ ನನ್ ಕೈಲಿ ಆಗಲ್ಲ. ಒಣಗೋದನ್ನ ನೋಡಕ್ಕೂ ಆಗಲ್ಲ." ಭತ್ತದ ಕೊಯ್ಲು ಮುಗಿದ ಮೇಲೆ ಆಟೋ ತರುತ್ತೇನೆ ಅಂದಳು ಅವಳು. ಅಕ್ಕ ಆವತ್ತು ಊಟ ಮಾಡಲಿಲ್ಲ. ಪಕ್ಕದಲ್ಲೇ ಕೂತಿದ್ದ ಭಾವ ಏನೂ ಮಾತಾಡಲಿಲ್ಲ. ನಮ್ಮ ಭಾವ ಮಾತಾಡಲಿಲ್ಲ ಅಂದರೆ ಮನೆಯವರೆಲ್ಲ ಹುಷಾರಾಗಬೇಕು!

ಅದೇ ವಾರ ದಾವಣಗೆರೆಯಲ್ಲಿ ಒಂದು ಮದುವೆ. ಮುಹೂರ್ತದ ಹೊತ್ತಿಗೆ ಎಲ್ಲರೂ ಅಕ್ಷತೆ ಹಿಡಿದು ನಿಂತಿದ್ದರೆ ನಮ್ಮ ಭಾವನೇ ನಾಪತ್ತೆ. ಹುಡುಕಿದರೆ ಕಲ್ಯಾಣ ಮಂಟಪದ ಹಿಂದಿನ ಹುಲ್ಲುಹಾಸಿನಲ್ಲಿ, ಕುಕ್ಕರಗಾಲಲ್ಲಿ ಕೂತು, ಮಾಲಿಯ ಕೈಯನ್ನೇ ನೋಡುತ್ತಿದ್ದಾರೆ. ಮಾಲಿ ಹುಲ್ಲಿನ ನಡುವೆ ಒಂದು ಪುಟ್ಟ ಮುಚ್ಚಳ ಎತ್ತಿದ, ರಬ್ಬರ್ ಪೈಪು ಸಿಕ್ಕಿಸಿದ ಹಿತ್ತಾಳೆಯ ಕೀಲಿಕೈ ತೂರಿಸಿ ತಿರುಗಿಸಿದ, ಕೀಲಿಕೈಯ ಹೊಟ್ಟೆಯೊಳಗಿಂದಲೇ ನೀರು ಪೈಪಿಗೆ ಬಂತು. ತಿರುಗಿಸಿ ತೆಗೆದ, ನೀರು ನಿಂತಿತು, ಮುಚ್ಚಳ ತಾನೇ ಮುಚ್ಚಿಕೊಂಡಿತು. ಕ್ವಿಕ್ ಕಪ್ಲರ್ ವಾಲ್ವ್ ಅಂತೆ ಅದರ ಹೆಸರು. ಭಾವ ಎರಡೂ ಕೈಯಲ್ಲಿ ನನ್ನ ತಲೆ ಹಿಡಿದು, "ಸಿಕ್ತು ಕಣಯ್ಯಾ!" ಅಂದರು. ಅವರ ಮುಷ್ಟಿಯಲ್ಲಿ ಹಾಕದೆ ಉಳಿದಿದ್ದ ಅಕ್ಷತೆಯೆಲ್ಲ ನನ್ನ ತಲೆಯ ಮೇಲೆ ಬಿತ್ತು. ನನಗೆ ಮದುವೆಯಾಗಿ ಇಪ್ಪತ್ತು ವರ್ಷವಾಗಿದೆ!

ಮರುದಿನದಿಂದ ಅಂಗಳ ಅಗೆಯುವ ಕೆಲಸ ಶುರುವಾಯಿತು. ಬೋರಿನ ಮೋಟರಿನಿಂದ ನೆಲದೊಳಗೆ ಪೈಪು, ಮಲ್ಲಿಗೆ ಪಾತಿಯ ಬಳಿ ಒಂದು ವಾಲ್ವು, ದಾಸವಾಳದ ಬಳಿ ಇನ್ನೊಂದು. ಅಂಗಳ ನೋಡಿದರೆ ಹಂದಿ ಹೊಕ್ಕ ಗೆಣಸಿನ ಹೊಲ. "ರೀ, ರಂಗೋಲಿ ಎಲ್ಲಿ ಹಾಕ್ಲಿ?" ಅಂತ ಅಕ್ಕ ಕೇಳಿದರೆ, "ಟೆರೇಸಿನ ಮೇಲೆ ಹಾಕು, ದೇವರಿಗೆ ಹತ್ರ ಆಗ್ತದೆ" ಅನ್ನುವ ಉತ್ತರ.

ಒಂದು ವಿಷಯದಲ್ಲಿ ಮಾತ್ರ ಭಾವನ ತಲೆಯನ್ನು ಮೆಚ್ಚಲೇಬೇಕು. ನೆಲದ ಮಟ್ಟದ ವಾಲ್ವಿಗೆ ಬಗ್ಗದೆ ಕೀಲಿಕೈ ಹಾಕುವುದು ಹೇಗೆ? ವೆಲ್ಡಿಂಗ್ ಅಂಗಡಿಗೆ ಹೋಗಿ ಕೀಲಿಕೈಯ ನೆತ್ತಿಗೆ ಸೊಂಟದೆತ್ತರದ ಕಬ್ಬಿಣದ ಪೈಪು ಜೋಡಿಸಿ, ಮೇಲೆ ತಿರುಗಿಸಲು ಅಡ್ಡ ಹಿಡಿಕೆ, ಬದಿಗೆ ರಬ್ಬರ್ ಪೈಪು ಸಿಕ್ಕಿಸಲು ಒಂದು ಮೂತಿ ಹಾಕಿಸಿದರು. ನಿಂತಲ್ಲಿಂದಲೇ ಕೂರಿಸಬಹುದು, ತಿರುಗಿಸಬಹುದು. ಆ ಖುಷಿಯಲ್ಲಿ ಅದನ್ನೇ ಊರುಗೋಲು ಮಾಡಿಕೊಂಡು ಬಜಾರು ಸುತ್ತಿದರು.

"ಏನ್ ಸಾವ್ಕಾರ್ರೆ, ಕಾಲಿಗೆ ಏನಾತ್ರೀ?"

"ಕಾಲಿಗೇನೂ ಆಗಿಲ್ಲ. ಇದು ನಮ್ಮ ಅಂಗಳದ ಕೀಲಿಕೈ!"

ಕೇಳಿದವರು ಮುಂದೆ ಮಾತು ಬೆಳೆಸುತ್ತಿರಲಿಲ್ಲ.

ವಾಲ್ವಿಗೆ ಪೂಜೆ ಮಾಡದೆ ನೀರು ಬಿಡುವುದುಂಟೇ? ಸೋಮವಾರ ಮುಹೂರ್ತವಾಯಿತು. ಸೊರಬದ ನನ್ನ ಬಟ್ಟೆ ಅಂಗಡಿಗೆ ಬಾಗಿಲು ಹಾಕಿಸಿ ನನ್ನನ್ನೂ ಕರೆಸಿದರು. ಮಲ್ಲಿಗೆ ಪಾತಿಯ ವಾಲ್ವಿಗೆ ವಿಭೂತಿ, ಕುಂಕುಮ, ಹಾರ. "ಒಳಗೂ ದೇವರ ದೃಷ್ಟಿ ಬೀಳಲಿ" ಅಂತ ಭಾವ ಮುಚ್ಚಳ ಎತ್ತಿ, ಅದು ಮುಚ್ಚಿಕೊಳ್ಳದ ಹಾಗೆ ಕಡ್ಡಿ ಸಿಕ್ಕಿಸಿದರು. ಅಕ್ಕನಿಗೆ ಬಗ್ಗಲು ಆಗದಲ್ಲ, ನಿಂತಲ್ಲಿಂದಲೇ ಕಣ್ಣು ಮುಚ್ಚಿ, ಮನಸಾರೆ, ಒಂದು ಬೊಗಸೆ ಅಕ್ಷತೆ ಸುರಿದಳು. ಭಾವ "ಹರ ಹರ ಮಹಾದೇವ" ಅಂತ ಕೀಲಿಕೈ ತೂರಿಸಿ ತಿರುಗಿಸಿದರು. ಒಂದು ಹನಿಯೂ ಬರಲಿಲ್ಲ. ಕರೆಂಟು ಹೋಗಿತ್ತು!

ಸಂಜೆ ಕರೆಂಟು ಬಂತು, ನೀರೂ ಬಂತು. ಆದರೆ ನಿಲ್ಲಬೇಕಲ್ಲ? ಕೀಲಿಕೈ ತೆಗೆದರೂ ವಾಲ್ವಿನ ಬಾಯಿಂದ ಜಿನುಗು ನಿಲ್ಲದು. ಮಲ್ಲಿಗೆಯ ಬುಡ ಕೆಸರಿನ ಹೊಂಡವಾಯಿತು. ಸೊರಬಕ್ಕೆ ಮರಳಿದ್ದ ನಾನು ಮರುದಿನ ಮತ್ತೆ ಶಿರಾಳಕೊಪ್ಪದ ಬಸ್ಸು ಹತ್ತಿದೆ. ಭಾವ, "ಇದಕ್ಕೆ ಬಿಗಿ ಸಾಲದು" ಅಂತ ತೀರ್ಮಾನಿಸಿ, ಆ ಉದ್ದನೆಯ ಕೀಲಿಕೈ ಹಾಕಿ ಇದ್ದ ಬಲವನ್ನೆಲ್ಲ ಕೂಡಿಸಿ ತಿರುಗಿಸಿದರು. ವಾಲ್ವಿಗೆ ನೆಲದಲ್ಲಿ ಆಧಾರವೇ ಇರಲಿಲ್ಲ ನೋಡಿ, ಕೆಳಗಿನ ಪೈಪಿನಿಂದ ಇಡೀ ವಾಲ್ವೇ ತಿರುಚಿಕೊಂಡು ಕಳಚಿ ಕೀಲಿಕೈ ಜೊತೆ ಕೈಗೆ ಬಂತು. ಭಾವ ಗದೆ ಹಿಡಿದ ಭೀಮನ ಹಾಗೆ ನಿಂತರು. ನೀರು ತೆಂಗಿನ ಮರದೆತ್ತರಕ್ಕೆ ಚಿಮ್ಮಿ, ಕಾಂಪೌಂಡು ದಾಟಿ, ಪಕ್ಕದ ಮನೆಯವರು ಒಣಹಾಕಿದ್ದ ಸಂಡಿಗೆಯ ಮೇಲೆ ಸುರಿಯಿತು. ಒಣಗಿದ ಸಂಡಿಗೆ ಕ್ಷಣದಲ್ಲಿ ಮತ್ತೆ ಹಿಟ್ಟಾಯಿತು!

ವಾಲ್ವನ್ನು ಮತ್ತೆ ಕೂರಿಸಿ, ಎರಡೂ ಬದಿಗೆ ಕಬ್ಬಿಣದ ಸರಳು ಹೊಡೆದು, ಪಟ್ಟಿ ಬಿಗಿದು, ಬುಡಕ್ಕೆ ಸಿಮೆಂಟು ಹಾಕಿದೆವು. ವಾಲ್ವು ಅಲ್ಲಾಡುವುದು ನಿಂತಿತು, ಜಿನುಗು ನಿಲ್ಲಲಿಲ್ಲ; ಮನೆಯ ನೀರಿಗೂ ಅದೇ ಮೋಟರು, ನಿಲ್ಲಿಸಿಡುವಂತೆಯೂ ಇಲ್ಲ. ಮಲ್ಲಿಗೆಯ ಎಲೆ ಹಳದಿಯಾಗತೊಡಗಿತು. ಅಕ್ಕ ದಿನಾ ಬಂದು ನಿಂತು ನೋಡುತ್ತಿದ್ದಳು. ಶನಿವಾರ ಮೆಲ್ಲಗೆ ಅಂದಳು: "ಸಾಕು ಬಿಡ್ರೀ. ಒಣಗಿ ಸಾಯೋದು ಬ್ಯಾಡ ಅಂದ್ರೆ ಕೊಳೆತು ಸಾಯ್ತಾವೆ. ನಾಳೆ ಅವಳು ಆಟೋ ತರ್ತಾಳೆ, ಕೊಟ್ಟು ಕಳ್ಸಾಣ." ಭಾವನ ಮುಖ ಕಪ್ಪಿಟ್ಟಿತು. ಸಿಟ್ಟೆಲ್ಲ ಕಾಣದ ವೈರಿಯ ಮೇಲೆ ತಿರುಗಿತು. "ಒಳಗೆ ಯಾವನೋ ಕಸ ಹಾಕಿದಾನೆ. ಸಿಗ್ಲಿ ಮಗ, ಕೈ ಮುರೀದೆ ಬಿಡಲ್ಲ!"

ಭಾನುವಾರ ಬೆಳಿಗ್ಗೆ ಮೋಟರು ನಿಲ್ಲಿಸಿ, ಆ ವೈರಿಯನ್ನು ಹಿಡಿಯಲು ವಾಲ್ವನ್ನು ಪೂರಾ ಬಿಚ್ಚಿದೆವು. ಬಾಯಿ ಮುಚ್ಚುವ ರಬ್ಬರಿಗೂ ಹಿತ್ತಾಳೆಗೂ ನಡುವೆ ಏನೋ ಸಿಕ್ಕಿಕೊಂಡಿತ್ತು. ಭಾವ ಅಕ್ಕನ ಹೇರ್‌ಪಿನ್ನಿನಿಂದ ಅದನ್ನು ಕೆದಕಿ ಅಂಗೈಗೆ ಹಾಕಿಕೊಂಡರು. ನಾನೂ ಬಗ್ಗಿ ನೋಡಿದೆ. ಅಕ್ಕಿ ಕಾಳುಗಳು! ನೀರು ಕುಡಿದು ಉಬ್ಬಿದ, ಅರಿಶಿನ ಹಚ್ಚಿದ ಅಕ್ಕಿ. ಸೋಮವಾರ ಅಕ್ಕ ಕಣ್ಣು ಮುಚ್ಚಿ ಸುರಿದ ಅಕ್ಷತೆ. ಕರೆಂಟಿಲ್ಲದಾಗ ಕೀಲಿಕೈ ಒತ್ತಿದ್ದೇ ತಡ, ಒಳಗೆ ಜಾರಿ ಕೂತಿತ್ತು.

"ಏನ್ ಸಿಕ್ತುರೀ?" ಅಂತ ಜಗಲಿಯಿಂದ ಅಕ್ಕ ಕೂಗಿದಳು.

ಕೈ ಮುರಿಯುವೆನೆಂದಿದ್ದ ಭಾವ ಮುಷ್ಟಿ ಮುಚ್ಚಿದರು. "ಮರಳು ಕಣೇ! ಬೋರಿನ ಮರಳು!"

ನಾನು ಬಾಯಿ ತೆರೆದೆ. ಭಾವ ನನ್ನ ಕಾಲು ತುಳಿದರು. ಸಣ್ಣಗಲ್ಲ, ಮೆಕ್ಕೆಜೋಳದ ಮೂಟೆ ಹೊತ್ತ ಕಾಲಿನಲ್ಲಿ! ಮುಷ್ಟಿಯಲ್ಲಿದ್ದದ್ದನ್ನು ಮೆಲ್ಲಗೆ ಅಂಗಿಯ ಜೇಬಿಗೆ ಹಾಕಿಕೊಂಡರು.

ವಾಲ್ವು ಮತ್ತೆ ಕೂರಿಸಿ ಮೋಟರು ಹಾಕಿದೆವು. ಜಿನುಗು ಇಲ್ಲ. ಭಾವ ಕೀಲಿಕೈ ತಂದು ಅಕ್ಕನ ಕೈಗೆ ಕೊಟ್ಟರು. "ನಿಧಾನ ತಿರುಗ್ಸು, ಅವಸರ ಬ್ಯಾಡ." ಅಕ್ಕ ನೆಟ್ಟಗೆ ನಿಂತು, ಬಗ್ಗದೆ, ಹಿಡಿಕೆ ತಿರುಗಿಸಿದಳು. ಪೈಪಿನಲ್ಲಿ ನೀರು ಬಂತು. ಎಷ್ಟೋ ದಿನದ ಮೇಲೆ ಅವಳ ಕೈಯಿಂದ ನೀರು ಕುಡಿದ ಮೊದಲನೆಯ ಗಿಡ ಯಾವುದು ಅಂತೀರಾ? ನಮ್ಮ ಭಾವ! ತಲೆಯಿಂದ ಕಾಲಿನವರೆಗೆ ತೋಯಿಸಿಬಿಟ್ಟಳು. ಆಮೇಲೆ ಮಲ್ಲಿಗೆಯನ್ನು ಬಿಟ್ಟು ಉಳಿದವಕ್ಕೆಲ್ಲ ಹಾಕಿದಳು. ಹಾಕುವಾಗ ಒಂದೊಂದು ಗಿಡದ ಹತ್ತಿರವೂ ಏನೋ ಮಾತಾಡುತ್ತಿದ್ದಳು.

ಅಷ್ಟರಲ್ಲಿ ಹೊಸಬಾಳೆಯ ಆಟೋ ಬಂತು. "ಗಿಡ ಕೊಡಲ್ಲ ಕಣೇ. ಹೂವು ಬಿಟ್ರೆ ಕಳಿಸ್ತೀನಿ" ಅಂದಳು ಅಕ್ಕ. "ಅಯ್ಯ, ಮತ್ತೆ ಆಟೋ ಯಾಕೆ ತರ್ಸಿದೆ ಮಾರಾಯ್ತಿ!" ಅಂತ ದೊಡ್ಡಮ್ಮನ ಮಗಳು ಹಣೆ ಚಚ್ಚಿಕೊಂಡಳು. ಒದ್ದೆ ಅಂಗಿಯಲ್ಲೇ ಭಾವ, "ಬರಿಗೈಲಿ ಹೋಗಬ್ಯಾಡಮ್ಮಾ, ಪೈಪು ಉಳಿದಾವೆ, ನಾನೇ ಬಂದು ನಿಮ್ಮ ಅಂಗಳಕ್ಕೂ ಹಾಕಿಕೊಡ್ತೀನಿ" ಅಂದರು. ಆ ಆಟೋ ಅಷ್ಟು ವೇಗವಾಗಿ ಹೊರಟದ್ದನ್ನು ನಾನು ಯಾವತ್ತೂ ನೋಡಿಲ್ಲ.

ಮುಂದಿನ ವಾರ ಹೋದಾಗ ಮಲ್ಲಿಗೆ ಚಿಗುರುತ್ತಿತ್ತು. ಭಾವ ಕೀಲಿಕೈ ಹಿಡಿದು ಬಜಾರಿಗೆ ಹೋಗಿದ್ದರು. ಅಕ್ಕ ಒಗೆದ ಬಟ್ಟೆ ಮಡಚುತ್ತಾ ಕೂತಿದ್ದಳು. ಭಾವನ ಬಿಳಿ ಅಂಗಿ ಕೈಗೆ ಬಂದಾಗ ಅದನ್ನು ಬೆಳಕಿಗೆ ಹಿಡಿದಳು. ಜೇಬಿನ ಮೇಲೆ ಮಸುಕಾದ ಒಂದು ಹಳದಿ ಕಲೆ.

"ಮರಳಂತೆ ಮರಳು! ಮರಳಿಗೆ ಅರಿಶಿನ ಎಲ್ಲಿಂದ ಬಂತೋ?" ಅಂದಳು. ನಾನು ಪೆಚ್ಚಾದೆ.

"ನಿಂಗೆ ಗೊತ್ತಾತಾ ಅಕ್ಕಾ? ಭಾವನಿಗೆ ಹೇಳಿದ್ಯಾ?"

"ಹುಚ್ಚಾ. ಹೇಳಬಾರದು. ನನಗೆ ಗೊತ್ತಾಗಿಲ್ಲ ಅಂತ ಎಷ್ಟು ಖುಷಿಯಾಗಿದಾರೆ ನೋಡಲ್ವಾ?" ಅಂಗಿಯನ್ನು ಮಡಿಲಲ್ಲಿಟ್ಟು ಆ ಜೇಬನ್ನು ಕೈಯಿಂದ ಸವರಿದಳು. "ಇಡೀ ಅಂಗಿ ತಿಕ್ಕಿ ತಿಕ್ಕಿ ಒಗೆದೆ ಕಣೋ. ಇಲ್ಲಿಗೆ ಮಾತ್ರ ಸೋಪು ಮುಟ್ಟಿಸಲಿಲ್ಲ."