ಪಡ್ಡಿನ ಕಾವಲಿಯಲ್ಲಿ ಕಾದ ತೋಟಾಗಳು

ಹಿತ್ತಾಳೆಯ ವಿಷಯದಲ್ಲಿ ಕ್ಯಾಲಿಫೋರ್ನಿಯಾದ ನಮ್ಮ ಇಡೀ ಸ್ಯಾನ್ ರಮೋನ್ ಊರಿನಲ್ಲಿ ನನಗಿಂತ ಹೆಚ್ಚು ತಿಳಿದವರಿಲ್ಲ ಎಂಬ ಖಾತ್ರಿ ನನಗಿತ್ತು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ಲೋಹಶಾಸ್ತ್ರದ ಪೇಪರಿನಲ್ಲಿ ಕ್ಲಾಸಿಗೇ ಮೊದಲಿಗನಾಗಿದ್ದೆ. ಅದು ಯಾವ ಕಾಲದ ಮಾತು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೊದಲೇ ಒಂದು ಸ್ಪಷ್ಟೀಕರಣ. ನನ್ನ ಬಳಿ ರೈಫಲ್ಲು ಇತ್ತು ನಿಜ, ಆದರೆ ಅದರಿಂದ ಒಂದು ಗುಬ್ಬಚ್ಚಿಯ ಪುಕ್ಕವೂ ಉದುರಿಲ್ಲ. ಹೇವರ್ಡ್‌ನ ನಮ್ಮ ಆಫೀಸಿನಲ್ಲಿ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ವಾಲ್ಟರ್ ಎಂಬ ಹಿರಿಯ ನನ್ನನ್ನು ಒಂದು ಶನಿವಾರ ಬೆಟ್ಟದಾಚೆಯ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗಿ ಈ ಹುಚ್ಚು ಹತ್ತಿಸಿದ್ದ. ಮೇಜಿನ ಮುಂದೆ ಕೂತು ದೂರದ ಕಾಗದಕ್ಕೆ ಗುರಿಯಿಟ್ಟು ಎಲ್ಲ ಗುಂಡುಗಳನ್ನೂ ಆದಷ್ಟು ಒಂದೇ ತೂತಿನಲ್ಲಿ ಹಾಯಿಸುವುದೇ ಆಟ. ಯಾರ ತೂತು ಚಿಕ್ಕದೋ ಅವನು ಗೆದ್ದ. ಕನ್ನಡ ಕೂಟದಲ್ಲಿ ಯಾರಾದರೂ ವಿಚಾರಿಸಿದರೆ ನನ್ನ ಹೆಂಡತಿ ಸುಧಾ, ನಮ್ಮವರು ವೀಕೆಂಡಿನಲ್ಲಿ ಪೇಪರು ತೂತು ಮಾಡುತ್ತಾರೆ ಎಂದು ಹೇಳಿ ಮಾತು ಮುಗಿಸುತ್ತಿದ್ದಳು.

ಈ ಆಟದವರು ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ತೋಟಾವನ್ನು ಎಸೆಯುವುದಿಲ್ಲ. ಅದಕ್ಕೆ ಮತ್ತೆ ಮದ್ದು ತುಂಬಿ, ಹೊಸ ಗುಂಡು ಕೂರಿಸಿ ಬಳಸುತ್ತಾರೆ. ಹೀಗೆ ಬಳಸಿದಷ್ಟೂ ತೋಟಾದ ಕುತ್ತಿಗೆ, ಅಂದರೆ ಗುಂಡನ್ನು ಕಚ್ಚಿ ಹಿಡಿಯುವ ಬಾಯಿಯ ಭಾಗ, ಗಡುಸಾಗುತ್ತದೆ. ಕುತ್ತಿಗೆಯನ್ನಷ್ಟೇ ಹದವಾಗಿ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ, ಎಲ್ಲ ಗುಂಡುಗಳನ್ನೂ ಒಂದೇ ಬಿಗಿಯಲ್ಲಿ ಹಿಡಿಯುತ್ತದೆ. ಅನೀಲಿಂಗ್ ಎನ್ನುವುದು ಇದಕ್ಕೇ. ಇದಿಲ್ಲದೆ ನಿಖರತೆ ಅಸಾಧ್ಯ ಎಂಬುದು ನನ್ನ ಸಿದ್ಧಾಂತ. ಅದರಿಂದ ಏನೂ ಆಗುವುದಿಲ್ಲ, ಕುತ್ತಿಗೆ ಸೀಳಿದರೆ ಬಿಸಾಕಿ ಬೇರೆಯದು ತಗೋ ಎಂಬುದು ವಾಲ್ಟರನ ಸಿದ್ಧಾಂತ. ಆಫೀಸಿನ ಕಾಫಿ ಮೆಷಿನ್ನಿನ ಮುಂದೆ ಈ ವಾದ ತಿಂಗಳುಗಟ್ಟಲೆ ನಡೆದು, ಜನ ಕಾಫಿಗೆ ಬೇರೆ ಮಹಡಿಗೆ ಹೋಗತೊಡಗಿದರು.

ಇತ್ತ ಸುಧಾಳ ಕಣ್ಣು ನಮ್ಮ ಗರಾಜಿನ ಮೇಲೆ ಬಿದ್ದಿತ್ತು. ಸುತ್ತಮುತ್ತಲ ಕನ್ನಡದವರ ಮಕ್ಕಳನ್ನೆಲ್ಲ ಶನಿವಾರ ಸೇರಿಸಿ ಅಕ್ಷರ ಕಲಿಸಬೇಕೆಂದು ಅವಳಿಗೆ ಬಹಳ ಆಸೆ. ಕರೆದರೆ "ವಾಟ್?" ಎನ್ನುವ ಮಕ್ಕಳನ್ನು ಕಂಡು ಅವಳಿಗೆ ನಿಜವಾಗಿ ಸಂಕಟವಾಗುತ್ತಿತ್ತು. ಗರಾಜಿನ ತುಂಬ ನನ್ನ ಬೆಂಚು, ಮದ್ದು ತುಂಬುವ ಯಂತ್ರ, ತೋಟಾದ ಡಬ್ಬಗಳು. ಕಾರು ಕೂಡ ವರ್ಷದಿಂದ ಹೊರಗೇ ಮಲಗುತ್ತಿತ್ತು. ಕೊನೆಗೆ ಉಭಯ ಪಕ್ಷಗಳ ನಡುವೆ ಒಪ್ಪಂದವಾಯಿತು. ಮುಂದಿನ ಕ್ಲಬ್ ಸ್ಪರ್ಧೆಯಲ್ಲಿ ನನ್ನ ತೂತು ವಾಲ್ಟರನದಕ್ಕಿಂತ ಚಿಕ್ಕದಾದರೆ ಗರಾಜು ನನ್ನದು. ಇಲ್ಲದಿದ್ದರೆ ಮಕ್ಕಳದು. ನಾನು ನಗುನಗುತ್ತಾ ಒಪ್ಪಿದೆ. ಲೋಹಶಾಸ್ತ್ರ ನನ್ನ ಕಡೆಗಿತ್ತಲ್ಲ!

ಕಾಯಿಸುವ ಮೊದಲು ತೋಟಾಗಳನ್ನು ತೊಳೆಯಬೇಕು. ಹಿತ್ತಾಳೆ ತೊಳೆಯಲು ಹುಣಸೆಹಣ್ಣಿಗಿಂತ ಉತ್ತಮವಾದದ್ದು ಪ್ರಪಂಚದಲ್ಲಿ ಇನ್ನೊಂದಿದೆಯೇ? ಅಡುಗೆಮನೆಯಿಂದ ದೊಡ್ಡ ಉಂಡೆಯನ್ನೇ ತಂದು ಕಿವುಚಿ, ಒಳ್ಳೊಳ್ಳೆಯ ತೋಟಾಗಳನ್ನೆಲ್ಲ ಅದರಲ್ಲಿ ಮುಳುಗಿಸಿದೆ. ಆ ವಾರ ಆಫೀಸಿನಲ್ಲಿ ಮೀಟಿಂಗಿನ ಮೇಲೆ ಮೀಟಿಂಗು, ಮರೆತೇಹೋಯಿತು. ನೆನಪಾಗಿ ಎತ್ತಿ ನೋಡಿದರೆ ಎಲ್ಲವೂ ಮದುವೆ ಹೆಣ್ಣಿನ ಕೆನ್ನೆಯಂತೆ ಕೆಂಪಗಾಗಿದ್ದವು. ಹುಳಿ ಸತುವನ್ನು ತಿಂದು ತಾಮ್ರ ಬಿಟ್ಟಿತ್ತು. ಅಂಥದ್ದನ್ನು ರೈಫಲ್ಲಿಗೆ ಹಾಕುವಂತಿಲ್ಲ.

ಸುಧಾ ಒಂದನ್ನು ಬೆಳಕಿಗೆ ಹಿಡಿದು ನೋಡಿದಳು. "ರೀ, ಹುಣಸೆಹಣ್ಣು ಹಚ್ಚಿ ಉಜ್ಜಿ ತಕ್ಷಣ ತೊಳೀಬೇಕು. ನೆನೆಹಾಕಿ ಹೊರಟುಹೋಗೋದಲ್ಲ. ಇದು ನಮ್ಮನೆ ಕೆಲಸದ ಹುಡುಗೀಗೂ ಗೊತ್ತಿತ್ತು" ಎಂದಳು. ನಾನು ಲೋಹಶಾಸ್ತ್ರದ ಪ್ರಸ್ತಾಪ ಮಾಡಲಿಲ್ಲ.

ಉಳಿದವು ಹಳೆಯ ತೋಟಾಗಳು. ಇವುಗಳ ಬುಡ ಬಿಸಿಯಾಗಬಾರದು, ಬುಡ ಮೆತ್ತಗಾದರೆ ಮುಖದ ಮುಂದೆಯೇ ಸಿಡಿಯುವ ಅಪಾಯ. ಆದ್ದರಿಂದ ಬುಡವನ್ನು ನೀರಿನಲ್ಲಿ ನಿಲ್ಲಿಸಿ, ಮೇಲಿನಿಂದ ಕುತ್ತಿಗೆಗೆ ಗ್ಯಾಸ್ ಟಾರ್ಚಿನ ಬೆಂಕಿ ಹಿಡಿದು, ಬಣ್ಣ ತಿರುಗಿದೊಡನೆ ನೀರಿಗೆ ಉರುಳಿಸಬೇಕು. ಎಲ್ಲರೂ ಚಪ್ಪಟೆ ತಟ್ಟೆ ಬಳಸುತ್ತಾರೆ. ನನಗೆ ಮಾತ್ರ ಪಡ್ಡಿನ ಕಾವಲಿ ಹೊಳೆಯಿತು. ಸುಧಾ ತನ್ನ ತವರಿನಿಂದ ಸೀರೆಗಳ ನಡುವೆ ಸುತ್ತಿ ವಿಮಾನದಲ್ಲಿ ತಂದಿದ್ದ ಎರಕದ ಕಾವಲಿ. ಒಂದೊಂದು ಗುಳಿಯಲ್ಲೂ ನೀರು, ಒಂದೊಂದು ಗುಳಿಯಲ್ಲೂ ಒಂದೊಂದು ತೋಟಾ. ಇಂಥ ವ್ಯವಸ್ಥೆ ಅಮೆರಿಕದವರ ತಲೆಗೆ ಬರುವುದುಂಟೇ!

ಬರದಿದ್ದುದಕ್ಕೆ ಕಾರಣವಿತ್ತು. ಗುಳಿಯ ತಳ ದುಂಡಗೆ, ತೋಟಾದ ಬುಡ ಚಪ್ಪಟೆ. ಪ್ರತಿಯೊಂದೂ ಕುಡಿದವನಂತೆ ವಾಲಿ ನಿಂತಿತು. ಒಂದಕ್ಕೆ ಹಿಡಿದ ಬೆಂಕಿ ಪಕ್ಕದ್ದಕ್ಕೆ ತಾಗಿತು. ಕೆಲವು ಪೂರ್ತಿ ಕಾಯುವ ಮೊದಲೇ ಚುಯ್ ಎಂದು ನೀರಿಗೆ ಬಿದ್ದವು, ಕೆಲವು ಬೀಳದೆ ನಿಗಿನಿಗಿ ಕೆಂಪಾಗಿ ಕೆಟ್ಟವು. ಬಣ್ಣ ತಿಳಿಯಲು ಕತ್ತಲಿರಬೇಕೆಂದು ಗರಾಜಿನ ಬಾಗಿಲು ಮುಚ್ಚಿದ್ದೆ, ಸೆಕೆ ತಡೆಯಲಾಗದೆ ಮತ್ತೆ ತೆಗೆದೆ. ಹೀಗೆ ಅದರ ಮುಂದಿನ ವಾರದ ಪ್ರತಿ ಸಂಜೆ ಫ್ರೀವೇ ಟ್ರಾಫಿಕ್ಕಿನಲ್ಲಿ ಬೆಂದು ಬಂದು ಬೆಂಕಿಯ ಮುಂದೆ ಕೂತೆ. ಕುತ್ತಿಗೆಗಳು ಮೆತ್ತಗಾಗುವಷ್ಟರಲ್ಲಿ ನನ್ನ ಕುತ್ತಿಗೆ ಗಡುಸಾಗಿ, ತಿರುಗಿಸಿದರೆ ಕಟಕಟ ಎನ್ನುತ್ತಿತ್ತು. ಕಾವಲಿಯ ಎಣ್ಣೆಯ ಹದ ಸುಟ್ಟುಹೋಗಿ ಪಡ್ಡು ಏಳದೆ, ಸುಧಾ ಅದನ್ನು ಚಮಚದಲ್ಲಿ ಕೆರೆದು ನನ್ನ ತಟ್ಟೆಗೇ ಹಾಕಿದಳು. ನಾನು ಚಟ್ನಿ ಹಚ್ಚಿಕೊಂಡು ತಿಂದೆ. ಅಷ್ಟಾದರೂ ಸ್ಪರ್ಧೆಗೆ ಸಾಕಾಗುವಷ್ಟು ತೋಟಾಗಳು ಸರಿಯಾಗಿ ಹದಗೊಂಡಿದ್ದವು.

ಸ್ಪರ್ಧೆಯಲ್ಲಿ ನಾನೂ ವಾಲ್ಟರನೂ ಅಕ್ಕಪಕ್ಕ. ಅವನ ತೋಟಾಗಳು ಹೊಗೆ ಹಿಡಿದು ಕಪ್ಪಗಿದ್ದವು. ನನ್ನವು ಕುತ್ತಿಗೆಯ ಬಳಿ ನವಿಲಿನ ಬಣ್ಣ ಹೊಡೆಯುತ್ತಿದ್ದವು. ಗುಂಡು ಹಾರಿದ ಪ್ರತಿ ಸಲ ತೋಟಾವನ್ನು ಹೊರತೆಗೆದು ತಿರುಗಿಸಿ ನೋಡಿ ಸಂತೋಷಪಟ್ಟೆ. ಒಂದರ ಕುತ್ತಿಗೆಯೂ ಸೀಳಿರಲಿಲ್ಲ. ದುರ್ಬೀನಿನಲ್ಲಿ ಕಂಡ ತೂತೂ ಅಷ್ಟೇ, ಹಾರಿಸಿದ್ದೆಲ್ಲ ಅದರೊಳಗೇ ಹೋಗುತ್ತಿತ್ತು. ಜನ್ಮದಲ್ಲಿ ಅಷ್ಟು ಚೆನ್ನಾಗಿ ಹಾರಿಸಿರಲಿಲ್ಲ. ಗರಾಜು ಉಳಿಯಿತು ಎಂದುಕೊಂಡೆ.

ಆಮೇಲೆ ಎಲ್ಲರೂ ನಡೆದುಹೋಗಿ ಕಾಗದಗಳನ್ನು ಬಿಚ್ಚಿದೆವು. ನನ್ನ ನಂಬರಿನ ಕಾಗದದಲ್ಲಿ ಒಂದು ತೂತೂ ಇರಲಿಲ್ಲ. ಅಂಗಡಿಯಿಂದ ಈಗಷ್ಟೇ ತಂದಂತಿತ್ತು. ತೀರ್ಪುಗಾರ ನನ್ನ ಹತ್ತಿರ ಬಂದು, ಮೈ ಸರಿಯಿಲ್ಲದೆ ಆಡದೇ ಕೂತಿದ್ದಿರಾ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದ.

ತೋಟಾದ ಕುತ್ತಿಗೆ ನೋಡುವ ಸಂಭ್ರಮದಲ್ಲಿ ನಾನು ಕಾಗದದ ಕೆಳಗಿನ ನಂಬರನ್ನೇ ನೋಡಿರಲಿಲ್ಲ. ಮೊದಲಿನಿಂದ ಕೊನೆಯವರೆಗೆ ಪಕ್ಕದ ವಾಲ್ಟರನ ಕಾಗದಕ್ಕೆ ಹೊಡೆದಿದ್ದೆ. ಅವನೂ ಅಲ್ಲಿಗೇ ಹೊಡೆಯುತ್ತಿದ್ದ. ತೂತು ಸ್ವಲ್ಪ ಬೇಗ ಅಗಲವಾಗುತ್ತಿದೆ, ವಯಸ್ಸಾಯಿತು ಎಂದುಕೊಂಡು ಸುಮ್ಮನಿದ್ದನಂತೆ. ತೀರ್ಪುಗಾರರು ತಲೆ ಕೆರೆದುಕೊಂಡು ಅಳೆದರು. ನನ್ನ ಗುಂಡುಗಳನ್ನು ಸೇರಿಸಿಕೊಂಡರೂ ಆ ತೂತೇ ಅವತ್ತಿನ ಅತಿ ಚಿಕ್ಕದು. ವಾಲ್ಟರ್ ಗೆದ್ದ. ನನಗೆ ಸೊನ್ನೆ. ವಾಲ್ಟರ್ ಬಹುಮಾನದ ಕಪ್ಪು ತಾನಿಟ್ಟುಕೊಂಡು, ಅರ್ಧ ನಿನ್ನದೇ ಅಲ್ಲವೇ ಎಂದು ಕಾಗದವನ್ನು ನನ್ನ ಕೈಗೆ ಕೊಟ್ಟ.

ಮನೆಗೆ ಬಂದು ಎರಡೂ ಕಾಗದಗಳನ್ನು ಸುಧಾಳ ಮುಂದೆ ಹಾಸಿದೆ. ತೂತನ್ನು ತೋರಿಸಿ, ಅನೀಲಿಂಗ್ ಮಾಡಿದ್ದಕ್ಕೇ ಇಷ್ಟು ಚಿಕ್ಕದಾದದ್ದು, ನ್ಯಾಯವಾಗಿ ನೋಡಿದರೆ ನನ್ನ ಸಿದ್ಧಾಂತ ಗೆದ್ದಿದೆ ಎಂದು ಸವಿಸ್ತಾರವಾಗಿ ವಾದಿಸಿದೆ. ಅವಳು ಕನ್ನಡಕ ಹಾಕಿಕೊಂಡು ತೂತನ್ನು ಬಗ್ಗಿ ನೋಡಿದಳು.

"ಇದರಲ್ಲಿ ನಿಮ್ಮದು ಯಾವುದು, ಅವರದ್ದು ಯಾವುದು?"

ನಾನು ಬಹಳ ಹೊತ್ತು ನೋಡಿದೆ. ಗೊತ್ತಾಗಲಿಲ್ಲ. ಕಾಯಿಸಿದ್ದೂ ಕಾಯಿಸದ್ದೂ ಒಂದೇ ತೂತಿನಲ್ಲಿ ಹಾದುಹೋಗಿದ್ದವು. ಅಷ್ಟು ಸುಸ್ತು ಜೀವನದಲ್ಲಿ ಆಗಿರಲಿಲ್ಲ.

ಮುಂದಿನ ಶನಿವಾರವೇ ಗರಾಜಿನಲ್ಲಿ ಕ್ಲಾಸು ಶುರುವಾಯಿತು. ಬೆಂಚನ್ನು ಹೊರಗೆ ಸಾಗಿಸಿದವನು ನಾನೇ. ಒಳಗೆ ಇಣುಕಿದಾಗ ಗೋಡೆಯ ಮೇಲೆ ನನ್ನ ನಂಬರಿನ ಕಾಗದ ಹಿಂದುಮುಂದಾಗಿ ಅಂಟಿತ್ತು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಅ, ಆ, ಇ, ಈ. ಸುಧಾ ನನ್ನನ್ನು ನೋಡಿ ಅಂದಳು:

"ಒಳ್ಳೆ ದಪ್ಪ ಪೇಪರು ರೀ. ಒಂದು ತೂತೂ ಇಲ್ಲ. ಪ್ರತಿ ತಿಂಗಳು ಹೋಗಿ ಒಂದೊಂದು ತನ್ನಿ."