ನಕ್ಷೆಯಲ್ಲಿ ಹಸಿರಾದ ನಮ್ಮ ಪ್ಲಾಟು

ಬಣ್ಣದ ಪೆನ್ಸಿಲ್ ಹಿಡಿದವರ ಮೇಲೆ ಮನುಷ್ಯ ಒಂದು ಕಣ್ಣಿಟ್ಟಿರಬೇಕು ಎಂಬುದು ನನ್ನ ಅನುಭವ. ಕಳ್ಳ ಬಂದರೆ ನಾಯಿ ಬೊಗಳುತ್ತದೆ, ನೆಂಟ ಬರುವುದಿದ್ದರೆ ಕಾಗೆ ಕೂಗುತ್ತದೆ. ಪೆನ್ಸಿಲ್ಲಿನವರು ಬಂದದ್ದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ನಾನು ಬೀದರಿನ ಕಡೆಯವನು, ನಾಶಿಕದ ಒಂದು ಕಾರ್ಖಾನೆಯ ಕಚೇರಿಯಲ್ಲಿ ಗುಮಾಸ್ತ. ನಾಲ್ಕಾರು ಸಂಸಾರಗಳಿರುವ ಹಳೆಯ ವಾಡೆಯೊಂದರಲ್ಲಿ ಎರಡು ಕೋಣೆಗಳ ಬಾಡಿಗೆಯ ಬಿಡಾರ. ಅಲ್ಲಿ ನಲ್ಲಿಗೆ ಪಾಳಿ, ಬಚ್ಚಲಿಗೆ ಪಾಳಿ, ಜಗಳಕ್ಕೂ ಪಾಳಿ. ಸ್ವಂತ ಮನೆ ಬೇಕು, ಅದರಲ್ಲಿ ಪೂರ್ವದ ಬೆಳಕು ಬೀಳುವ ಅಡಿಗೆಮನೆ ಬೇಕು ಎಂದು ನನ್ನ ಹೆಂಡತಿ ಮಹಾದೇವಿ ಮದುವೆಯಾದಂದಿನಿಂದ ಹೇಳುತ್ತ ಬಂದಿದ್ದಳು. ಹೊಟ್ಟೆ ಬಟ್ಟೆ ಕಟ್ಟಿ, ಸಿನ್ನರ್ ರಸ್ತೆಯ ಕಡೆ, ಊರು ಮುಗಿಯುವಲ್ಲಿ ಒಂದು ಪ್ಲಾಟು ಕೊಂಡೆವು. ಅದರಲ್ಲಿ ಒಂದು ಬೇವಿನ ಮರವೂ ಇತ್ತು. ಮನೆ ಕಟ್ಟುವ ತಾಕತ್ತು ಬರುವ ತನಕ ಆ ಮನೆಯನ್ನು ನಾನು ಮನಸ್ಸಿನಲ್ಲೇ ಕಟ್ಟಿ ಕೆಡವಿ, ಮೆಟ್ಟಿಲನ್ನು ಎಡಕ್ಕೂ ಬಲಕ್ಕೂ ಓಡಾಡಿಸುತ್ತಿದ್ದೆ.

ಹೀಗಿರುವಾಗ ಊರಿನ ಮುಂದಿನ ಇಪ್ಪತ್ತು ವರ್ಷಗಳ ಯೋಜನೆ ತಯಾರಾಗಿದೆ, ನಕ್ಷೆಯನ್ನು ನಗರಸಭೆಯ ಕಚೇರಿಯ ಗೋಡೆಗೆ ಅಂಟಿಸಿದ್ದಾರೆ, ತಕರಾರಿದ್ದವರು ಬರೆದು ಕೊಡಬಹುದು ಎಂಬ ಸುದ್ದಿ ಬಂತು. ನಾನು ತಕರಾರಿನ ಮನುಷ್ಯನಲ್ಲ. ಊರು ಎಷ್ಟು ಚೆಂದವಾಗಲಿದೆ ನೋಡಿಬರೋಣ ಎಂದು ಸೈಕಲ್ ಹತ್ತಿ ಹೋದೆ. ಹಳದಿ ಎಂದರೆ ಮನೆ, ನೀಲಿ ಎಂದರೆ ಅಂಗಡಿ, ಹಸಿರು ಎಂದರೆ ಮೈದಾನ. ಸುತ್ತಲೂ ಹಳದಿಯೋ ಹಳದಿ, ನಡುವೆ ವೀಳ್ಯದೆಲೆಯಂತೆ ಹಸಿರಾಗಿ ಮಿಂಚುತ್ತಿದ್ದದ್ದು ನಮ್ಮ ಪ್ಲಾಟು! ಅಲ್ಲಿದ್ದ ಗುಮಾಸ್ತನನ್ನು ಕೇಳಿದೆ. ಮಕ್ಕಳ ಆಟದ ಮೈದಾನವಂತೆ, ಮುಂದಿನ ಪೀಳಿಗೆಗೆ ಬೇಕಂತೆ. ಇಪ್ಪತ್ತು ವರ್ಷದ ಮೇಲೆ ಅಲ್ಲಿ ಚೆಂಡಾಡುವವರು ಇನ್ನೂ ಹುಟ್ಟಿಲ್ಲ. ಹುಟ್ಟದವರಿಗೆ ಜಾಗದ ಹಕ್ಕು, ಹುಟ್ಟಿ ಸಂಸಾರದ ನೊಗ ಎಳೆಯುತ್ತಿರುವವನಿಗೆ ನಲ್ಲಿಯ ಪಾಳಿ. ನನಗೆ ಅಳು ಬಂತು, ಸಿಟ್ಟೂ ಬಂತು. ಎರಡನ್ನೂ ತಡೆದುಕೊಂಡು ಮನೆಗೆ ಬಂದು ಹೆಂಡತಿಗೆ ಹೇಳಿದೆ.

"ನಾ ಇಲ್ಲಿ ಕೊಡ ಹಿಡಕೊಂಡು ಪಾಳಿಗಿ ನಿಂದರಬೇಕು, ಅವ್ರು ನಮ್ಮ ಜಾಗಾದಾಗ ಚೆಂಡ ಆಡಬೇಕು? ಆಗೋ ಮಾತಲ್ಲ ಬಿಡ್ರಿ," ಎಂದಳು. ಅವಳು "ಬಿಡ್ರಿ" ಎಂದರೆ ಬಿಡಬಾರದು ಎಂದೇ ಅರ್ಥ. ಇಷ್ಟು ವರ್ಷದ ಸಂಸಾರದಲ್ಲಿ ಅಷ್ಟು ಕಲಿತಿದ್ದೇನೆ.

ತಕರಾರು ಅರ್ಜಿ ಕೊಟ್ಟು, ಸಲಹೆ ಕೇಳಲು ಮನ್ಮಾಡಿನಲ್ಲಿ ಗಾಡಿ ಬದಲಿಸಿ ಔರಂಗಾಬಾದಿನ ಕಾಕಾನ ಹತ್ತಿರ ಹೋದೆ. ನಮ್ಮ ಅಪ್ಪನ ತಮ್ಮ ಈತ. ಜಗತ್ತಿನ ಎಲ್ಲ ಕಾಯಿದೆಯೂ ತನಗೆ ಗೊತ್ತು ಎನ್ನುವವನು. ಒಮ್ಮೆ ರಸ್ತೆಯ ಗೆರೆ ಇವನ ಅಂಗಳದಲ್ಲೇ ಹಾದುಹೋಗಿತ್ತಂತೆ. ಇವನು ಅಲ್ಲೊಂದು ಎಮ್ಮೆ ಕಟ್ಟಿದನಂತೆ, ಗೆರೆ ಆಚೆ ಸರಿಯಿತಂತೆ. ಗೆರೆ ಮೊದಲಿನಿಂದಲೂ ಆಚೆಗೇ ಇತ್ತು ಎಂದು ಕಾಕಿ ಒಳಗಿನಿಂದ ಹೇಳಿದಳು. ಕಾಕಾ ಅದನ್ನು ಕೇಳಿಸಿಕೊಳ್ಳಲಿಲ್ಲ.

"ನೋಡೋ ತಮ್ಮಾ, ಖಾಲಿ ಜಾಗಾ ಅಂದ್ರ ಬೋಡ ತಲಿ ಇದ್ದಂಗ, ಕಂಡವರೆಲ್ಲಾ ಕೈ ಆಡಸ್ತಾರ. ನಿನ್ನ ಕಬ್ಜಾ ಕಾಣಬೇಕು. ಏನರೆ ಬೆಳಿ, ಏನರೆ ಮಾಡು. ಸಾಹೇಬ ನೋಡಲಿಕ್ಕಿ ಬಂದಾಗ ಇದು ಇವಂದೇ ಅಂತ ಕಣ್ಣಿಗಿ ಹೊಡಿಬೇಕು."

ಮಹಾದೇವಿಗೆ ಈ ಮಾತು ಮನಸ್ಸಿಗೆ ಬಂತು. ಹಿಂಗಾರಿಗೆ ಪ್ಲಾಟಿನ ಅರ್ಧದಲ್ಲಿ ಜೋಳ ಬಿತ್ತಿಸಿದಳು. ರವಿವಾರ ಬಂತೆಂದರೆ ನಾನು ಪ್ಯಾಂಟು ಮಡಚಿ ಕಳೆ ಕೀಳುತ್ತಿದ್ದೆ. ಕೆಲವು ಸಲ ಕಳೆಯೆಂದು ಜೋಳವನ್ನೇ ಕಿತ್ತದ್ದೂ ಉಂಟು. ಅಷ್ಟರಲ್ಲಿ ನನ್ನ ತಕರಾರು ವಿಚಾರಿಸುವ ಸಾಹೇಬರು ಸ್ಥಳ ನೋಡಲು ಬರುವ ದಿನ ತಿಳಿಯಿತು. ಪಂಚಾಂಗ ತೆಗೆದು ನೋಡಿದರೆ ಅದು ಎಳ್ಳಮಾವಾಸ್ಯೆ!

ಎಳ್ಳಮಾವಾಸ್ಯೆ ಎಂದರೆ ಏನೆಂಬುದು ನಮ್ಮ ಬೀದರ್, ಗುಲ್ಬರ್ಗಾ ಕಡೆಯವರಿಗೇ ಗೊತ್ತು. ಅಂದು ಊರಿಗೆ ಊರೇ ಬುತ್ತಿ ಹೊತ್ತು ಹೊಲಕ್ಕೆ ಹೋಗುತ್ತದೆ. ಜೋಳದ ದಂಟಿನ ಗುಡಿಸಲು ಕಟ್ಟಿ, ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಗೆ ಚರಗ, ಎಂದರೆ ಅಂಬಲಿಯ ನೈವೇದ್ಯ, ಚೆಲ್ಲುತ್ತೇವೆ. ಆಮೇಲೆ ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಮತ್ತು ಭಜ್ಜಿ. ಈ ಭಜ್ಜಿ ಎಣ್ಣೆಯಲ್ಲಿ ಕರಿದದ್ದಲ್ಲ, ಇದ್ದಬದ್ದ ಕಾಳು ಸೊಪ್ಪುಗಳನ್ನೆಲ್ಲ ಹಿಟ್ಟು ಹಾಕಿ ಕುದಿಸಿದ್ದು. ಆ ದಿನ ಹೊಲದ ಬದಿಯಲ್ಲಿ ಹಾದುಹೋಗುವ ಅಪರಿಚಿತನನ್ನೂ ಕೈಹಿಡಿದು ಕರೆತಂದು ಉಣಿಸಬೇಕು. ಇಲ್ಲದಿದ್ದರೆ ಬೆಳೆ ಮುನಿಯುತ್ತದೆ. "ಇದು ನಮ್ಮ ಹೊಲಾ ಅಂತ ಭೂಮಿತಾಯಿಗೇ ಹೇಳಿಬಿಟ್ರ, ಆ ಸಾಹೇಬ ಯಾವ ಲೆಕ್ಕದಾಗ?" ಎಂದಳು ಮಹಾದೇವಿ. ವಾಡೆಯವರನ್ನೆಲ್ಲ ಕರೆದಳು. ಪ್ಲಾಟಿನ ಅಕ್ಕಪಕ್ಕದವರನ್ನೂ ಅವರ ಮನೆಗೆ ಬಂದ ನೆಂಟರನ್ನೂ ಕರೆದಳು.

ಅಂದು ನಾನು ಪ್ಯಾಂಟಿನ ಮೇಲೆ ಕಂಬಳಿ ಹೊದ್ದು, ಚರಗದ ಗಡಿಗೆ ಹಿಡಿದು, "ಹುಲ್ಲುಲ್ಲಿಗೋ" ಎಂದು ಕೂಗುತ್ತ ಜೋಳದೊಳಗೆ ಓಡಿದೆ. ಮರಾಠಿ ಮಕ್ಕಳೆಲ್ಲ ಅದನ್ನೇ ಕೂಗುತ್ತ ನನ್ನ ಹಿಂದೆ ಓಡಿದವು. ಬೇವಿಗೆ ಜೋಕಾಲಿ ಬಿತ್ತು. ಉಳಿದರ್ಧದಲ್ಲಿ ಹುತುತೂ, ಎಂದರೆ ಮರಾಠಿಯವರ ಕಬಡ್ಡಿ, ಶುರುವಾಯಿತು. ಜಾತ್ರೆ ಹೀಗೆ ಕೂಡಿದ್ದಾಗ ಸಾಹೇಬರು ಟೋಪಿ ಸರಿಮಾಡಿಕೊಳ್ಳುತ್ತ ಬಂದರು. "ಬಸಾ ಸಾಹೇಬ, ಪೈಲೇ ಜೇವಾ," ಎಂದು ಮಹಾದೇವಿ ತನ್ನ ಮುರುಕು ಮರಾಠಿಯಲ್ಲಿ ಅವರನ್ನು ಊಟಕ್ಕೆ ಕೂಡಿಸಿಯೇಬಿಟ್ಟಳು. ಅವರು ಭಜ್ಜಿಯನ್ನು ಎರಡು ಸಲ ಹಾಕಿಸಿಕೊಂಡರು. ಇವೆಲ್ಲ ಇಲ್ಲಿ ನಡೆಯುತ್ತಲೇ ಇರುತ್ತವೆಯೆ ಎಂದು ಪ್ಲಾಟಿನ ಪಕ್ಕದ ಮನೆಯ ಮಾಸ್ತರರನ್ನು ಕೇಳಿದರು. ನನಗೆ ಉಪಕಾರ ಮಾಡುವ ಉತ್ಸಾಹದಲ್ಲಿ ಮಾಸ್ತರರು, ಇಂಥ ದೊಡ್ಡ ಮನಸ್ಸಿನವರು ಇನ್ನೊಬ್ಬರಿಲ್ಲ, ನಮ್ಮ ಮಕ್ಕಳು ಆಡಿ ಬೆಳೆಯುತ್ತಿರುವುದೇ ಇಲ್ಲಿ, ಯಾರನ್ನೂ ಇವರು ಎಂದೂ ತಡೆದಿಲ್ಲ ಎಂದರು. ನಾನು ಹೆಮ್ಮೆಯಿಂದ ಬೀಗಿದೆ. ಸಾಹೇಬರು ತಲೆದೂಗಿ, ಕೈ ತೊಳೆದು, ಏನೋ ಗೀಚಿಕೊಂಡು ಹೋದರು.

ತೀರ್ಮಾನ ಬಂತು. ಸ್ಥಳವನ್ನು ಈಗಾಗಲೇ ಸುತ್ತಲಿನ ಮಕ್ಕಳು ಆಟಕ್ಕೂ ಜನ ಹಬ್ಬಗಳಿಗೂ ಬಳಸುತ್ತಿರುವುದು ಕಣ್ಣಾರೆ ಕಂಡಿದ್ದರಿಂದ, ಮೈದಾನವೆಂದು ಗುರುತಿಸಿದ್ದು ಸರಿಯಾಗಿಯೇ ಇದೆ! ಸಾಹೇಬರು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹೊಟ್ಟೆಯುರಿದದ್ದು ಅದಕ್ಕೇ.

ಮೇಲಿನ ಸಾಹೇಬರಿಗೆ ಮತ್ತೊಂದು ಅರ್ಜಿ ಹಾಕಿದೆ. ಹಳದಿ ಬಳಿಸದೆ ಬಿಡುವವನಲ್ಲ ಎಂದು ಅಂಗಿ ತೋಳು ಏರಿಸಿದೆ. ಅದರ ವಿಚಾರಣೆ ಬರುವಷ್ಟರಲ್ಲಿ ಒಂದು ಸುಗ್ಗಿ ಕಳೆದು ಮತ್ತೊಂದು ಬೆಳೆ ಮೊಣಕಾಲುದ್ದ ಬಂದಿತ್ತು. ಹೊರಡುವ ದಿನ ಮಹಾದೇವಿ ಬಾಗಿಲಲ್ಲಿ ನಿಂತು, "ಅಲ್ರಿ, ಹಳದಿ ಆತು, ಮನಿ ಕಟ್ಟಿದಿವಿ ಅನ್ರಿ. ಮುಂದ ಚರಗಾ ಎಲ್ಲಿ ಚೆಲ್ಲೋದು?" ಎಂದಳು.

ನಾನು ಹೌಹಾರಿದೆ. "ನಿನ್ನ ಅಡಗಿಮನಿ?"

"ಇಲ್ಲೀ ಒಲಿನೂ ಉರಿಲಾಕತ್ತದಲ್ಲ. ಮಾಸ್ತರ ಹೆಂಡತಿ ಈಗೇ ಕೇಳ್ಯಾಳ, ಈ ಸಲ ಅಮಾಸಿ ಯಾವತ್ತು ಅಂತ. ಬಾಗಲಾ ಹಾಕಿದ ಮನಿಗಿ ಅಷ್ಟು ಮಂದಿ ಬರ್ತಾರೇನ್ರಿ? ಆದ್ರ ಜಾಗಾ ಅವರಿಗಿ ಬಿಡಬ್ಯಾಡ್ರಿ. ನಮ್ದಂದ್ರ ನಮ್ದೇ. ಊಟಕ್ಕ ಕರಿಯೋರು ನಾವೇ ಇರಬೇಕು."

ಕಚೇರಿಯ ತನಕ ಸೈಕಲ್ ತುಳಿಯುತ್ತ ಯೋಚಿಸಿದೆ. ಮನಸ್ಸಿನ ಆ ಮನೆಯ ಮೆಟ್ಟಿಲನ್ನು ಸರಿಸಿ ಎಷ್ಟು ದಿನವಾಗಿತ್ತೋ ನೆನಪಾಗಲಿಲ್ಲ. ಜೋಳಕ್ಕೆ ಹುಳ ಬಿದ್ದಿದೆ ಎಂಬುದು ಮಾತ್ರ ಚೆನ್ನಾಗಿ ನೆನಪಿತ್ತು. ನೇರವಾಗಿ ನಕ್ಷೆಯ ಗುಮಾಸ್ತನ ಹತ್ತಿರ ಹೋಗಿ, ಹಸಿರೂ ಬೇಡ, ಹಳದಿಯೂ ಬೇಡ, ಇದು ನನ್ನ ಹೊಲ, ಹೊಲವೆಂದೇ ಬರೆದುಕೊಳ್ಳಿ ಎಂದೆ. ಗುಮಾಸ್ತ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದ. ಹೊಲವನ್ನು ಪ್ಲಾಟು ಮಾಡಿಕೊಡಿ ಎಂದು ಊರೆಲ್ಲ ಬರುತ್ತದೆ, ಪ್ಲಾಟನ್ನು ಹೊಲ ಮಾಡಿಕೊಡಿ ಎಂದು ಬಂದವರು ನೀವೊಬ್ಬರೇ, ಈ ನಕ್ಷೆಯಲ್ಲಿ ಹೊಲಕ್ಕೆ ಬಣ್ಣವೇ ಇಲ್ಲ ಎಂದ. ಬಣ್ಣ ತರಿಸಿ, ನಾನು ಕಾಯುತ್ತೇನೆ ಎಂದೆ.

ಬಾರುಕೋಲು ತೋರಿಸಿ ನನ್ನನ್ನು ಒಕ್ಕಲುತನಕ್ಕೆ ಹಚ್ಚಲು ಹೋಗಿ ನಮ್ಮಪ್ಪ ಸೋತಿದ್ದ. ಮಣ್ಣಿನ ಸಹವಾಸವೇ ಬೇಡವೆಂದು ಅವನ ಕಣ್ಣು ತಪ್ಪಿಸಿ ರೈಲು ಹತ್ತಿದವನು ನಾನು. ಈಗ ಈ ಕಚೇರಿಯ ಬೆಂಚಿನ ಮೇಲೆ ಕುಳಿತು, ನನ್ನನ್ನು ರೈತನೆಂದು ಬರೆದುಕೊಳ್ಳುವ ತನಕ ಏಳುವುದಿಲ್ಲ ಎಂದು ಹಟ ಹಿಡಿದಿದ್ದೇನೆ.